ನಲವತ್ತು ಹಾಸುಗಳು, ಎಷ್ಟು ಪ್ರವಾಹಗಳು? ಬರ್ಲಿಂಗೇಮ್ ಕೊರಕಲಿನ ಪ್ರಕರಣ ಅಧ್ಯಯನ

1926ರ ಮಾರ್ಚ್ ತಿಂಗಳು. ಅಮೆರಿಕದ ವಾಷಿಂಗ್ಟನ್ ರಾಜ್ಯದ ಆಗ್ನೇಯ ಮೂಲೆಯಲ್ಲಿರುವ ವಾಲಾ ವಾಲಾ ಕಣಿವೆ. ಜೋರು ಗಾಳಿಗೆ ಒಣಗಂಟಿಗಳು ಉರುಳಿಬಂದು ನೀರಾವರಿ ಕಾಲುವೆಯೊಂದರ ಇಕ್ಕಟ್ಟು ಜಾಗದಲ್ಲಿ ಸಿಕ್ಕಿಕೊಂಡವು. ನೀರು ಕಟ್ಟಿತು. ಗಂಟಿ ತೆಗೆಯುವ ತನಕ ಇರಲಿ ಎಂದು ನೀರನ್ನು ಬರ್ಲಿಂಗೇಮ್ ಎಂಬ ಕಿರುಗಾಲುವೆಗೆ ತಿರುಗಿಸಿದರು. ಅದರ ಅಗಲ ಎರಡು ಮೀಟರಿಗೆ ತುಸು ಕಡಿಮೆ, ಆಳ ಮೂರು ಮೀಟರ್. ಆರು ದಿನ ನೀರು ಹರಿಯಿತು. ಅಷ್ಟರಲ್ಲಿ ಅಲ್ಲಿ ಸುಮಾರು 450 ಮೀಟರ್ ಉದ್ದದ, 35 ಮೀಟರಿನಷ್ಟು ಆಳದ ಕೊರಕಲು ಬಿದ್ದಿತ್ತು.

ಗಟ್ಟಿ ಬಂಡೆಯಾಗಿದ್ದರೆ ಆರು ದಿನದಲ್ಲಿ ಇಷ್ಟು ಕೊರೆಯುವುದು ಸಾಧ್ಯವಿರಲಿಲ್ಲ. ಅಲ್ಲಿದ್ದದ್ದು ಹಿಮಯುಗದ ಕೊನೆಗಾಲದ ಮರಳು ಮತ್ತು ಗೋಡು, ಅಂದರೆ ನೀರು ತಂದು ಬಿಟ್ಟ, ಮರಳಿಗಿಂತ ನಯವಾದ ಮಣ್ಣು. ನೀರು ಅದನ್ನು ನೇರವಾಗಿ ಸೀಳಿತ್ತು. ಹೊಸದಾಗಿ ತೆರೆದ ಎರಡೂ ಗೋಡೆಗಳಲ್ಲಿ ಒಂದರ ಮೇಲೊಂದರಂತೆ ಸಮತಟ್ಟಾದ ಹಾಸುಗಳು ಕಾಣಿಸಿಕೊಂಡವು. ಎಣಿಸಿದರೆ ನಲವತ್ತರ ಹತ್ತಿರ. ಪಕ್ಕದ ಊರಿನ ಹೆಸರಿನಿಂದ ಇವನ್ನು ಟೂಶೆ ಹಾಸುಗಳು ಎನ್ನುತ್ತಾರೆ. ಭೂವಿಜ್ಞಾನಿಗಳು ಪದರಗಳನ್ನು ಹೇಗೆ ಓದುತ್ತಾರೆ ಎಂದು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಈ ಕೊರಕಲಿನ ಕಥೆಯನ್ನು. ಒಂದೇ ಗೋಡೆಯನ್ನು ನೋಡಿ ಒಬ್ಬರು ಇದು ಒಂದೆರಡು ವಾರಗಳ ಕೆಲಸ ಎಂದರು, ಇನ್ನೊಬ್ಬರು ಎರಡು ಸಾವಿರ ವರ್ಷಗಳ ದಾಖಲೆ ಎಂದರು. ಇಬ್ಬರೂ ನುರಿತವರೇ. ಇಬ್ಬರ ಕೈಯಲ್ಲೂ ಪುರಾವೆ ಇತ್ತು.

ಒಂದು ಹಾಸಿನ ಒಳಗೆ

ಮೊದಲು ಒಂದೇ ಒಂದು ಹಾಸನ್ನು ನೋಡೋಣ. ಅದರ ಬುಡದಲ್ಲಿ ದಪ್ಪ ಮರಳು. ಸ್ವಲ್ಪ ಮೇಲೆ ಹೋದರೆ ನಯವಾದ ಮರಳು, ಅದರೊಳಗೆ ಹರಿಯುವ ನೀರು ಮೂಡಿಸಿದ ಅಲೆಗುರುತುಗಳು. ಇನ್ನೂ ಮೇಲೆ ಬರಿಯ ಗೋಡು, ಗೆರೆಗಳಿಲ್ಲದ್ದು. ಕಾಳಿನ ಗಾತ್ರ ಬುಡದಿಂದ ನೆತ್ತಿಯವರೆಗೆ ಕ್ರಮವಾಗಿ ಇಳಿಯುತ್ತದೆ. ವೇಗವಾಗಿ ನುಗ್ಗಿದ ನೀರು ನಿಧಾನವಾದಂತೆ ಮೊದಲು ಭಾರದ್ದನ್ನು, ಆಮೇಲೆ ಹಗುರಾದದ್ದನ್ನು ಬಿಟ್ಟುಕೊಟ್ಟಿದೆ. ಇಷ್ಟರಲ್ಲಿ ಯಾರಿಗೂ ತಕರಾರು ಇರಲಿಲ್ಲ.

ಅಲೆಗುರುತುಗಳನ್ನು ಸರಿಯಾಗಿ ಅಳೆದಾಗ ಬೆರಗಿನ ಸಂಗತಿಯೊಂದು ಸಿಗುತ್ತದೆ. ಅಲೆಗುರುತಿನ ಒಂದು ಮಗ್ಗುಲು ಓರೆ, ಇನ್ನೊಂದು ಕಡಿದು. ಕಡಿದಾದ ಮಗ್ಗುಲು ಯಾವ ಕಡೆಗಿದೆಯೋ ನೀರು ಹೋದದ್ದು ಆ ಕಡೆಗೆ. ವಾಲಾ ವಾಲಾ ನದಿ ಇಂದು ಪಶ್ಚಿಮಕ್ಕೆ ಹರಿದು ಕೊಲಂಬಿಯಾ ನದಿಯನ್ನು ಸೇರುತ್ತದೆ. ಹಾಸುಗಳೊಳಗಿನ ಗುರುತುಗಳು ಹೆಚ್ಚಾಗಿ ತೋರಿಸುವುದು ಕಣಿವೆಯ ಮೇಲ್ಭಾಗದ ಕಡೆಗೆ, ಅಂದರೆ ನದಿಗೆ ಎದುರಾಗಿ. ಹಾಗಾದರೆ ಈ ಗೋಡನ್ನು ತಂದದ್ದು ಈ ನದಿಯಲ್ಲ. ಕೆಳಗಿನಿಂದ ಮೇಲಕ್ಕೆ ನುಗ್ಗಿದ ಹಿನ್ನೀರು.

ಹಾಸುಗಳಲ್ಲಿ ಅಲ್ಲಲ್ಲಿ ಗ್ರಾನೈಟಿನಂಥ ಪರಊರಿನ ಕಲ್ಲುಗಳೂ ಸಿಗುತ್ತವೆ. ಸುತ್ತಲ ನೆಲವೆಲ್ಲ ಬಸಾಲ್ಟ್. ನಮ್ಮ ಬೆಳಗಾವಿ, ವಿಜಯಪುರ, ಬೀದರದ ಕಡೆ ಇರುವಂತೆ, ಬಿರುಕುಗಳಿಂದ ಹೊರಬಂದ ಲಾವಾ ಪದರಪದರವಾಗಿ ಹರಡಿ ಆದ ನೆಲ ಅದು. ಅಲ್ಲಿನದು ದಖನ್ನಿನ ಬಸಾಲ್ಟಿಗಿಂತ ತುಂಬ ಎಳೆಯದು, ಬಹುಪಾಲು 1.7 ಕೋಟಿಯಿಂದ 1.5 ಕೋಟಿ ವರ್ಷಗಳ ಹಿಂದಿನದು. ಇಂಥ ಕಡೆ ಗ್ರಾನೈಟ್ ಬಂದಿದೆ ಎಂದರೆ, ತೇಲುವ ಮಂಜುಗಡ್ಡೆಯೊಳಗೆ ಸಿಕ್ಕಿಕೊಂಡು ಉತ್ತರದ ಸೀಮೆಯಿಂದ ಬಂದಿರಬೇಕು.

ನೀರಿನ ಮೂಲ

ಈ ಭಾಗದ ಕಥೆ ಬಹಳ ಜನರಿಗೆ ಗೊತ್ತಿರುವುದರಿಂದ ಚುಟುಕಾಗಿ ಹೇಳುತ್ತೇನೆ. ಪೂರ್ವ ವಾಷಿಂಗ್ಟನ್ನಿನ ಬಸಾಲ್ಟ್ ನೆಲದಲ್ಲಿ ನೀರಿಲ್ಲದ ದೊಡ್ಡ ದೊಡ್ಡ ಕಾಲುವೆಗಳಿವೆ, ಡ್ರೈ ಫಾಲ್ಸ್ ಎಂಬ ಐದು ಕಿಲೋಮೀಟರಿಗೂ ಅಗಲದ ಒಣ ಜಲಪಾತವಿದೆ. ಇವೆಲ್ಲ ಒಂದು ಮಹಾಪ್ರವಾಹದ ಕೆಲಸ ಎಂದು 1923ರಲ್ಲಿ ಭೂವಿಜ್ಞಾನಿ ಜೆ. ಹಾರ್ಲೆನ್ ಬ್ರೆಟ್ಜ್ ಬರೆದರು. 1927ರ ಜನವರಿಯಲ್ಲಿ ವಾಷಿಂಗ್ಟನ್ ಡಿ.ಸಿ.ಯ ಸಭೆಯಲ್ಲಿ ಹಿರಿಯರು ಅವರ ವಾದವನ್ನು ಒಪ್ಪಲಿಲ್ಲ. ಅಷ್ಟು ನೀರು ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಬ್ರೆಟ್ಜ್ ಹತ್ತಿರ ಗಟ್ಟಿ ಉತ್ತರ ಇರಲಿಲ್ಲ. ಉತ್ತರದ ಎಳೆ ಆ ಸಭೆಯಲ್ಲೇ ಕುಳಿತಿದ್ದ ಜೋಸೆಫ್ ಪಾರ್ಡಿ ಅವರ ಕೈಯಲ್ಲಿತ್ತು. ಪಶ್ಚಿಮ ಮೊಂಟಾನಾದಲ್ಲಿ ಹಿಮಯುಗದ ಕಾಲಕ್ಕೆ ಮಿಸೌಲಾ ಎಂಬ ಬೃಹತ್ ಸರೋವರ ಇತ್ತು ಎಂದು ಅವರು 1910ರಲ್ಲೇ ತೋರಿಸಿದ್ದರು. ಅದು ಹಠಾತ್ತನೆ ಬರಿದಾಯಿತು ಎನ್ನುವುದಕ್ಕೆ 1940ರಲ್ಲಿ ಪುರಾವೆ ಮುಂದಿಟ್ಟರು: ಕ್ಯಾಮಸ್ ಪ್ರೇರಿ ಎಂಬಲ್ಲಿ ಹತ್ತು ಮೀಟರಿನವರೆಗೂ ಎತ್ತರವಿರುವ, ಜಲ್ಲಿಯಿಂದಾದ ಅಲೆಗುರುತುಗಳು. ನೆಲದ ಮೇಲೆ ನಿಂತವರಿಗೆ ಅವು ಸಾಲುಗುಡ್ಡಗಳಂತೆ ಕಾಣುತ್ತವೆ.

ಕೆನಡಾದ ಕಡೆಯಿಂದ ಇಳಿದ ಹಿಮದ ನಾಲಗೆಯೊಂದು ಕ್ಲಾರ್ಕ್ ಫೋರ್ಕ್ ನದಿಗೆ ಅಡ್ಡ ನಿಂತು ಒಡ್ಡಾಗಿತ್ತು. ಅದರ ಹಿಂದೆ ನಿಂತ ನೀರು ಒಡ್ಡಿನ ಬಳಿ 600 ಮೀಟರಿನಷ್ಟು ಆಳ, ಒಟ್ಟು 2000 ಘನ ಕಿಲೋಮೀಟರಿಗೂ ಹೆಚ್ಚು. ಒಡ್ಡು ಒಡೆದಾಗ ಅಷ್ಟೂ ನೀರು ಕೊಲಂಬಿಯಾ ಕಣಿವೆಯತ್ತ ಧುಮುಕಿತು. ಮುಂದೆ ವಲೂಲಾ ಎಂಬ ಬೆಟ್ಟದ ಸಂದಿಯಲ್ಲಿ ಅದು ಹಾಯಬೇಕಿತ್ತು. ಆ ಸಂದಿಯ ಅಗಲ ಹೆಚ್ಚುಕಡಿಮೆ ಎರಡು ಕಿಲೋಮೀಟರ್ ಮಾತ್ರ. ಬಂದಷ್ಟು ನೀರು ಹೊರಹೋಗಲಾರದೆ ಹಿಂದಕ್ಕೆ ಉಬ್ಬಿ ಯಾಕಿಮಾ, ವಾಲಾ ವಾಲಾ ಕಣಿವೆಗಳಿಗೆ ನುಗ್ಗಿತು. ಬರ್ಲಿಂಗೇಮ್ ಗೋಡೆಯಲ್ಲಿ ಕಾಣುವುದು ಆ ಹಿನ್ನೀರಿನ ಗೋಡು.

ಜಗಳ ಇದ್ದದ್ದು ಎಲ್ಲಿ

ಪ್ರವಾಹ ಬಂದಿತ್ತು ಎಂಬುದು 1960ರ ದಶಕದ ಹೊತ್ತಿಗೆ ಬಹುತೇಕ ಎಲ್ಲರಿಗೂ ಒಪ್ಪಿಗೆಯಾಗಿತ್ತು. ಎಷ್ಟು ಸಲ ಬಂತು ಎಂಬುದು ಉಳಿಯಿತು. ಬ್ರೆಟ್ಜ್ ಕೊನೆಕೊನೆಗೆ ಏಳೆಂಟು ಸಲ ಎನ್ನುವವರೆಗೆ ಬಂದಿದ್ದರು. ಹಿಮಯುಗದ ಕೊನೆಯ ಘಟ್ಟದಲ್ಲಿ ದೊಡ್ಡದು ಒಂದೇ, ಹೆಚ್ಚೆಂದರೆ ಒಂದೆರಡು ಎಂಬುದು 1970ರ ದಶಕದ ಬಲವಾದ ಅಭಿಪ್ರಾಯ. ಆ ಅಭಿಪ್ರಾಯದವರು ನಲವತ್ತು ಹಾಸುಗಳನ್ನು ವಿವರಿಸಿದ್ದು ಹೀಗೆ: ಪ್ರವಾಹದ ನೀರು ಹಲವು ಕಾಲುವೆಗಳಲ್ಲಿ ಹಂಚಿಕೊಂಡು ಬೇರೆ ಬೇರೆ ಹೊತ್ತಿಗೆ ವಲೂಲಾ ತಲುಪಿತು. ಕಟ್ಟಿದ ನೀರು ಏರಿ ಇಳಿದು ತುಯ್ದಾಡಿತು. ಪ್ರತಿಯೊಂದು ನೂಕಿಗೂ ಒಂದೊಂದು ಹಾಸು. ಒಂದು ಹಾಸಿಗೆ ಕೆಲವು ಗಂಟೆ ಸಾಕು, ಇಡೀ ಗೋಡೆಗೆ ವಾರಗಳು ಸಾಕು.

ಈ ವಿವರಣೆಯನ್ನು ತಳ್ಳಿಹಾಕುವುದು ಸುಲಭವಲ್ಲ. ಬುಡದಲ್ಲಿ ಮರಳು, ನೆತ್ತಿಯಲ್ಲಿ ಗೋಡು ಇರುವ ಹಾಸು ಒಂದೇ ಪ್ರವಾಹದೊಳಗಿನ ಒಂದು ನೂಕಿನಿಂದಲೂ ಆಗುತ್ತದೆ, ಬಿಡಿ ಪ್ರವಾಹದಿಂದಲೂ ಆಗುತ್ತದೆ. ಹಾಸನ್ನು ಎಷ್ಟು ಸೂಕ್ಷ್ಮವಾಗಿ ಅಳೆದರೂ ಈ ಎರಡನ್ನು ಬೇರ್ಪಡಿಸಲಾಗದು. ಹಾಸಿನ ಒಡಲು ಹೇಳುವುದು ನೀರು ಹೇಗೆ ನಡೆದುಕೊಂಡಿತು ಎಂಬುದನ್ನು. ಎಷ್ಟು ಕಾಲ ಕಳೆಯಿತು ಎಂಬುದಕ್ಕೆ ಸಾಕ್ಷಿ ಹುಡುಕಬೇಕಾದದ್ದು ಒಂದು ಹಾಸು ಮುಗಿದು ಇನ್ನೊಂದು ಶುರುವಾಗುವ ಸಂದಿಯಲ್ಲಿ. ಈ ಪ್ರಕರಣದಲ್ಲಿ ನನ್ನನ್ನು ಹಿಡಿದಿಟ್ಟಿರುವುದು ಇದೇ. ಗೋಡೆಯಲ್ಲಿ ಶೇಕಡಾ ತೊಂಬತ್ತಕ್ಕೂ ಹೆಚ್ಚು ಜಾಗ ಹಿಡಿದಿರುವ ಮರಳು ಗೋಡುಗಳು ಕೆಲವು ದಿನಗಳ ಲೆಕ್ಕ ಕೊಡುತ್ತವೆ. ಬೆರಳಗಲವೂ ಇಲ್ಲದ ಸಂದಿಗಳಲ್ಲಿ ಶತಮಾನಗಳು ಅಡಗಿರಬಹುದು.

ಸಂದಿಗಳಲ್ಲಿ ಸಿಕ್ಕಿದ್ದು

ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣೆಯ ರಿಚರ್ಡ್ ವೇಟ್ 1980ರಲ್ಲಿ ಪ್ರಕಟಿಸಿದ ಪ್ರಬಂಧ ಈ ಚರ್ಚೆಯ ದಿಕ್ಕನ್ನು ಬದಲಿಸಿತು. ಅವರ ವಾದ ನೇರವಾಗಿತ್ತು: ಒಂದೊಂದು ಹಾಸೂ ಒಂದೊಂದು ಬೇರೆ ಪ್ರವಾಹ, ಎರಡರ ನಡುವೆ ನೆಲ ಪೂರ್ತಿ ಒಣಗಿತ್ತು. ಪುರಾವೆಗಳನ್ನು ಅವರು ಆರಿಸಿದ್ದು ಹಾಸುಗಳ ನೆತ್ತಿಯಿಂದ.

ಕೆಲವು ಹಾಸುಗಳ ನೆತ್ತಿಯಲ್ಲಿ ಗಾಳಿ ತಂದ ಹುಡಿಮಣ್ಣು ತೆಳ್ಳಗೆ ಕುಳಿತಿತ್ತು. ಇಳಿಜಾರಿನಿಂದ ಮಳೆ ತೊಳೆದು ತಂದ ಮಣ್ಣೂ ಇತ್ತು. ಕೆಲವು ಕಡೆ ಸಣ್ಣ ನೀರಹರಿವುಗಳು ಹಾಸಿನ ನೆತ್ತಿಯನ್ನು ಕೊರೆದು ಹೋಗಿದ್ದವು, ಮೇಲಿನ ಹಾಸು ಆ ಕೊರೆತವನ್ನು ತುಂಬಿತ್ತು. ಇಲಿ ಜಾತಿಯ ಪ್ರಾಣಿಗಳು ತೋಡಿದ ಬಿಲಗಳೂ ಸಿಕ್ಕವು. ಬಿಲ ಎಲ್ಲಿಂದ ಶುರುವಾಗುತ್ತದೆ ಎಂಬುದು ಇಲ್ಲಿ ಮುಖ್ಯ. ಇಂದಿನ ನೆಲದಿಂದ ಇಳಿದ ಬಿಲವಾದರೆ ಅದರಿಂದ ಏನೂ ಗೊತ್ತಾಗದು. ನಡುವಿನ ಯಾವುದೋ ಹಾಸಿನ ನೆತ್ತಿಯಿಂದ ಕೆಳಕ್ಕೆ ಇಳಿದು, ಅದರ ಬಾಯಿಯ ಮೇಲೆ ಮುಂದಿನ ಹಾಸು ಮುಚ್ಚಿದ್ದರೆ, ಆ ನೆತ್ತಿ ಒಂದು ಕಾಲದಲ್ಲಿ ಪ್ರಾಣಿಗಳು ಓಡಾಡಿದ ಒಣನೆಲ ಎಂದೇ ಅರ್ಥ. ನೀರೊಳಗೆ ಇಲಿ ಬಿಲ ತೋಡುವುದಿಲ್ಲ.

ಎಲ್ಲಕ್ಕಿಂತ ತೂಕದ ಸಾಕ್ಷಿ ಬೂದಿಯದು. ಮೇಲಿನಿಂದ ಎಣಿಸಿದರೆ ಹನ್ನೆರಡನೆಯ ಹಾಸಿನ ನೆತ್ತಿಯ ಮೇಲೆ ಜ್ವಾಲಾಮುಖಿಯ ಬಿಳಿ ಬೂದಿಯ ಎರಡು ತೆಳು ಗೆರೆಗಳಿವೆ, ಅವುಗಳ ನಡುವೆ ಚೂರು ಮಣ್ಣು. ರಾಸಾಯನಿಕ ಗುಣದಿಂದ ಅದು ಸೇಂಟ್ ಹೆಲೆನ್ಸ್ ಪರ್ವತದ್ದು ಎಂದು ಗುರುತಾಗಿದೆ, ವಯಸ್ಸು ಸುಮಾರು 16,000 ವರ್ಷ. ಅದೇ ಪರ್ವತ 1980ರ ಮೇ 18ರಂದು ಸಿಡಿದು ಪೂರ್ವ ವಾಷಿಂಗ್ಟನ್ನಿನ ಊರುಗಳ ಮೇಲೆ ಬೂದಿ ಸುರಿಸಿತು. ವೇಟ್ ಅವರ ಪ್ರಬಂಧ ಬಂದದ್ದೂ ಆ ವರ್ಷವೇ.

ಬೂದಿಯ ತರ್ಕವನ್ನು ನಿಧಾನವಾಗಿ ನೋಡಬೇಕು. ಇಡೀ ಗೋಡೆ ಒಂದೇ ಪ್ರವಾಹದ ಕೆಲಸವಾದರೆ, ಈ ಬೂದಿ ಬಿದ್ದದ್ದು ಪ್ರವಾಹದ ನಡುವೆ, ಕೆಸರುನೀರಿನ ಮೇಲೆ. ಆಗ ಅದು ಗೋಡಿನಲ್ಲಿ ಕಲಸಿಹೋಗಬೇಕಿತ್ತು, ಇಲ್ಲವೆ ಮುಂದಿನ ನೂಕಿಗೆ ಕೊಚ್ಚಿಹೋಗಬೇಕಿತ್ತು. ಹಾಗಾಗಿಲ್ಲ. ಎರಡೂ ಗೆರೆಗಳು ಶುಭ್ರವಾಗಿವೆ. ಎರಡರ ನಡುವೆ ಮಣ್ಣು ಕೂರುವಷ್ಟು ಸಮಯ ಸಿಕ್ಕಿದೆ. ಇಷ್ಟೆಲ್ಲ ಒಂದೇ ಪ್ರವಾಹದ ಎರಡು ನೂಕುಗಳ ಬಿಡುವಿನಲ್ಲಿ ನಡೆಯಬೇಕಾದರೆ, ಪರ್ವತ ಅದೇ ವಾರ ಎರಡು ಸಲ ಸಿಡಿದು, ಎರಡೂ ಸಲ ಸರಿಯಾಗಿ ನೀರು ಇಳಿದ ಹೊತ್ತಿಗೇ ಬೂದಿ ಬೀಳಬೇಕಿತ್ತು. ಯಾಕಿಮಾ ಕಣಿವೆಯಲ್ಲಿಯೂ ಅದೇ ಬೂದಿಯ ಜೋಡಿ ಹಾಗೆಯೇ ಎರಡು ಹಾಸುಗಳ ಸಂದಿಯಲ್ಲಿ ಸಿಕ್ಕಿದೆ. ದೂರದ ಎರಡು ಕಣಿವೆಗಳ ಗೋಡೆಗಳನ್ನು ಒಂದಕ್ಕೊಂದು ಹೊಂದಿಸಲು ಆ ಬೂದಿಗೆರೆ ಆಧಾರವಾಯಿತು. ಅದರ ಮೇಲಿರುವ ಹಾಸುಗಳೆಲ್ಲ ಆ ಸಿಡಿತದ ನಂತರದವು ಎಂಬುದು ಎರಡೂ ಕಡೆ ನಿಜ.

ಮಲಪ್ರಭಾ, ಘಟಪ್ರಭಾ ದಂಡೆಯ ಊರುಗಳಲ್ಲಿ 2009 ಮತ್ತು 2019ರ ಪ್ರವಾಹ ಕಂಡವರಿಗೆ ಇದು ಬೇಗ ಅರ್ಥವಾದೀತು. ಎರಡೂ ನೆರೆಗಳ ಗೋಡು ಕದಡದೆ ಉಳಿದ ತಗ್ಗೊಂದನ್ನು ಅಗೆದರೆ, 2009ರ ಗೋಡಿನ ಮೇಲೆ ಹತ್ತು ವರ್ಷದ ಬೇರು, ಬಿಲ, ಧೂಳು, ಅದರ ಮೇಲೆ 2019ರ ಗೋಡು ಇರಬೇಕು. ಎರಡು ಗೋಡುಗಳು ನೋಡಲು ಒಂದೇ ಥರ ಇದ್ದರೂ ನಡುವಿನ ಆ ಕೊಳಕು ಗೆರೆ ಹತ್ತು ವರ್ಷಗಳ ಕಥೆ ಹೇಳುತ್ತದೆ.

ಎದುರುವಾದ ನಿಂತದ್ದು ಎಲ್ಲಿ

ವೇಟ್ ಅವರ ವಾದ ಕೂಡಲೇ ಗೆಲ್ಲಲಿಲ್ಲ, ಗೆಲ್ಲಬೇಕಾಗಿಯೂ ಇರಲಿಲ್ಲ. ಬಿಲ, ಹುಡಿಮಣ್ಣು ಕೆಲವು ಸಂದಿಗಳಲ್ಲಿ ಮಾತ್ರ ಇವೆ, ಬೂದಿ ಒಂದೇ ಸಂದಿಯಲ್ಲಿದೆ. ಆ ಒಂದು ಸಂದಿ ಒಣನೆಲ ಎಂದು ಒಪ್ಪಿದರೂ ಉಳಿದ ಮೂವತ್ತೆಂಟೂ ಹಾಗೆಯೇ ಎಂದು ಹೇಗೆ ಹೇಳುತ್ತೀರಿ ಎಂಬುದು ನ್ಯಾಯವಾದ ಪ್ರಶ್ನೆ. ವೇಟ್ ಅವರ ಉತ್ತರ: ಬೂದಿಯ ಕೆಳಗಿನ ಹಾಸು, ಮೇಲಿನ ಹಾಸು, ಉಳಿದ ಹಾಸುಗಳು ರಚನೆಯಲ್ಲಿ ಒಂದೇ ಬಗೆಯವು. ಒಂದೇ ಬಗೆಯ ಹಾಸುಗಳಲ್ಲಿ ಒಂದು ಜೋಡಿಗೆ ಮಾತ್ರ ಬೇರೆ ಕಾರಣ ಹುಡುಕುವುದು ಸರಿಯಲ್ಲ. ಇದು ತರ್ಕವಾಗಿ ಬಲವಾದದ್ದು, ಆದರೆ ಪುರಾವೆ ಅಲ್ಲ. ಎದುರು ಪಕ್ಷ ಸುಮ್ಮನಾಗದಿದ್ದದ್ದರಿಂದ ಈ ಪ್ರಕರಣಕ್ಕೆ ಒಳ್ಳೆಯದೇ ಆಯಿತು.

ಹಾಸುಗಳನ್ನು ಮೇಲಿಂದ ಕೆಳಕ್ಕೆ ಸೀಳಿ ನಿಂತಿರುವ ಮರಳು ಗೋಡಿನ ಪಟ್ಟಿಗಳೂ ಅಲ್ಲಿವೆ. ಅವು ಹೇಗಾದವು ಎಂಬ ಚರ್ಚೆ ಬೇರೆಯೇ ಇದೆ. ನಮಗೆ ಬೇಕಾದಷ್ಟು ಮಾತ್ರ ಇಲ್ಲಿ ಹೇಳುವುದಾದರೆ, ಯಾವುದನ್ನು ಸೀಳಿದೆಯೋ ಅದಕ್ಕಿಂತ ಸೀಳಿದ್ದು ಕಿರಿಯದು. ಇಂಥ ಪಟ್ಟಿಯೊಳಗಿನ ಮಣ್ಣನ್ನು ಹಾಸಿನ ಮಣ್ಣೆಂದು ತಪ್ಪಾಗಿ ಎಣಿಸಿದರೆ ಲೆಕ್ಕವೇ ಕೆಡುತ್ತದೆ.

ಬೇರೊಂದು ದಿಕ್ಕಿನಿಂದ ಬಂದ ಸಾಕ್ಷಿ ಕಾಂತತೆಯದು. ನೀರಲ್ಲಿ ಕೂರುವಾಗ ಗೋಡಿನ ಕಬ್ಬಿಣಾಂಶದ ಕಣಗಳು ಆ ಹೊತ್ತಿನ ಭೂಕಾಂತದ ದಿಕ್ಕಿಗೆ ತಿರುಗಿ ನಿಲ್ಲುತ್ತವೆ. ಆ ದಿಕ್ಕು ಶತಮಾನಗಳಲ್ಲಿ ನಿಧಾನವಾಗಿ ಸರಿಯುತ್ತದೆ. ಗೋಡೆಯೆಲ್ಲ ಒಂದೆರಡು ವಾರದ್ದಾದರೆ ಬುಡದ ಹಾಸಿಗೂ ನೆತ್ತಿಯ ಹಾಸಿಗೂ ದಿಕ್ಕು ಒಂದೇ ಇರಬೇಕು. ಜಾನ್ ಕ್ಲೇಗ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಕ್ಷಿಣ ವಾಷಿಂಗ್ಟನ್ನಿನ ಈ ಬಗೆಯ ಹಾಸುಗಳಲ್ಲಿ ಮೇಲೆ ಹೋದಂತೆ ದಿಕ್ಕು ಸರಿಯುತ್ತ ಹೋಗಿದೆ. ವಾರಗಳ ಲೆಕ್ಕಕ್ಕೆ ಇದು ಹೊಂದುವುದಿಲ್ಲ.

ನೀರು ಬತ್ತದ ಜಾಗ

ನನ್ನ ದೃಷ್ಟಿಯಲ್ಲಿ ಪ್ರಕರಣವನ್ನು ತೀರ್ಮಾನಿಸಿದ್ದು ಬರ್ಲಿಂಗೇಮ್ ಅಲ್ಲ. ಉತ್ತರಕ್ಕೆ ಬಹುದೂರದ ಸ್ಯಾನ್‌ಪಾಯ್ಲ್ ಎಂಬ ಕಣಿವೆ. ಬರ್ಲಿಂಗೇಮಿನಲ್ಲಿ ಪ್ರವಾಹ ಇಳಿದ ಮೇಲೆ ನೆಲ ಒಣಗುತ್ತಿತ್ತು. ಒಣನೆಲ ಕಾಲವನ್ನು ಸರಿಯಾಗಿ ಬರೆದಿಡುವುದಿಲ್ಲ. ಹತ್ತು ವರ್ಷದ ಧೂಳು ಒಂದು ಮಳೆಗೆ ಹೋಗಿಬಿಡಬಹುದು. ಸ್ಯಾನ್‌ಪಾಯ್ಲಿನಲ್ಲಿ ಕೊಲಂಬಿಯಾ ಎಂಬ ಇನ್ನೊಂದು ಹಿಮಗಾಲದ ಸರೋವರ ಸದಾ ತುಂಬಿಕೊಂಡಿತ್ತು. ಅದರ ತಳದಲ್ಲಿ ಪ್ರತಿ ಬೇಸಿಗೆ ಹಿಮ ಕರಗಿ ಬಂದ ತಿಳಿಬಣ್ಣದ ಗೋಡು ಕೂರುತ್ತಿತ್ತು, ಪ್ರತಿ ಚಳಿಗಾಲ ಮೇಲೆ ಮಂಜುಗಡ್ಡೆ ಮುಚ್ಚಿ ನೀರು ನಿಶ್ಚಲವಾದಾಗ ನಯವಾದ ಗಾಢ ಜೇಡಿ ಕೂರುತ್ತಿತ್ತು. ಒಂದು ತಿಳಿಗೆರೆ, ಒಂದು ಗಾಢಗೆರೆ ಸೇರಿದರೆ ಒಂದು ವರ್ಷ. ಈ ಜೋಡಿಗೆರೆಗಳನ್ನು ವಾರ್ವ್ ಎನ್ನುತ್ತಾರೆ.

ಬ್ರಯಾನ್ ಅಟ್‌ವಾಟರ್ 1980ರ ದಶಕದಲ್ಲಿ ಅಲ್ಲಿನ ಹಾಸುಗಳನ್ನು ಎಣಿಸಿದರು. (ಮುಂದೆ ವಾಷಿಂಗ್ಟನ್ ಕರಾವಳಿಯ ಜೌಗಿನಲ್ಲಿ ಮರಳಿನ ತೆಳು ಹಾಸುಗಳನ್ನು ಓದಿ, 1700ರ ಮಹಾಭೂಕಂಪ ಮತ್ತು ಸುನಾಮಿಯ ಜಾಡು ಹಿಡಿದವರಲ್ಲಿ ಇವರೂ ಪ್ರಮುಖರು.) ಅವರಿಗೆ ಸಿಕ್ಕಿದ್ದು ದಪ್ಪನೆಯ ಪ್ರವಾಹದ ಹಾಸು, ಅದರ ಮೇಲೆ ವಾರ್ವ್‌ಗಳ ಸಾಲು, ಮತ್ತೆ ಪ್ರವಾಹದ ಹಾಸು, ಮತ್ತೆ ವಾರ್ವ್‌ಗಳು. 1986ರ ವರದಿಯಲ್ಲಿ ಅವರು ಕೊಟ್ಟ ಲೆಕ್ಕ ಸುಮಾರು 89 ಪ್ರವಾಹಗಳು. ನಡುವಿನ ವರ್ಷಗಳನ್ನು ಅಂದಾಜು ಮಾಡಬೇಕಾಗಿರಲಿಲ್ಲ, ಗೆರೆ ಎಣಿಸಿದರೆ ಸಾಕಿತ್ತು. ದೀರ್ಘವಾದ ಬಿಡುವುಗಳು ಐವತ್ತು ವರ್ಷದ ಆಸುಪಾಸು, ಕೊನೆಕೊನೆಯವು ಕೆಲವೇ ವರ್ಷ.

ಮಿಸೌಲಾ ಸರೋವರದ ತಳವಾಗಿದ್ದ ಜಾಗದಲ್ಲಿ, ಮೊಂಟಾನಾದ ನೈನ್‌ಮೈಲ್ ಎಂಬಲ್ಲಿಯೂ, ನಲವತ್ತರಷ್ಟು ಆವರ್ತನೆಗಳಿವೆ. ಅಲ್ಲಿ ಒಂದೊಂದು ಆವರ್ತನೆಯ ಬುಡದಲ್ಲಿ ಬರಿದಾದ ತಳದ ಮೇಲೆ ಹರಿದ ನೀರಿನ ಗೋಡು, ಅದರ ಮೇಲೆ ಮತ್ತೆ ತುಂಬಿದ ಸರೋವರದ ವಾರ್ವ್‌ಗಳು. ಕೆಳಗಿನ ಆವರ್ತನೆಗಳಲ್ಲಿ ವಾರ್ವ್‌ಗಳು ಐವತ್ತರ ಸುಮಾರು, ಮೇಲೆ ಹೋದಂತೆ ಹತ್ತರ ಸುಮಾರಿಗೆ ಇಳಿಯುತ್ತವೆ.

ಈ ಇಳಿಕೆಗೆ ಭೌತಿಕ ಕಾರಣ ಇದೆ. ಮಂಜುಗಡ್ಡೆಯ ಸಾಂದ್ರತೆ ನೀರಿನ ಹತ್ತರಲ್ಲಿ ಒಂಬತ್ತು ಪಾಲು. ಹಿಮದ ಒಡ್ಡಿನ ಹಿಂದೆ ನೀರು ಒಡ್ಡಿನ ದಪ್ಪದ ಹತ್ತರಲ್ಲಿ ಒಂಬತ್ತು ಪಾಲಿಗೆ ಏರಿದಾಗ ಒಡ್ಡು ತೇಲಲು ಹವಣಿಸುತ್ತದೆ. ಬುಡದಲ್ಲಿ ನೀರು ದಾರಿ ಮಾಡಿಕೊಂಡು, ಆ ಸುರಂಗ ಕರಗಿ ಅಗಲವಾಗಿ, ಸರೋವರ ಬರಿದಾಗುತ್ತದೆ. ಐಸ್‌ಲ್ಯಾಂಡಿನ ಗ್ರಿಮ್ಸ್‌ವಟ್ನ್ ಸರೋವರ ಹಿಮದ ಅಡಿಯಿಂದ ಮತ್ತೆ ಮತ್ತೆ ಹೀಗೆ ಖಾಲಿಯಾಗುವುದನ್ನು ಇಂದಿನ ಕಾಲದಲ್ಲೇ ಕಂಡಿದ್ದಾರೆ. ಮಿಸೌಲಾದಲ್ಲಿ ನೀರು ಹೋದ ಮೇಲೆ ಹಿಮದ ನಾಲಗೆ ಮತ್ತೆ ಮುಂದೆ ಸರಿದು ಕಣಿವೆ ಮುಚ್ಚುತ್ತಿತ್ತು, ನದಿ ಮತ್ತೆ ಸರೋವರ ತುಂಬುತ್ತಿತ್ತು. ಹವೆ ಬಿಸಿಯಾದಂತೆ ಒಡ್ಡು ತೆಳುವಾಯಿತು. ತೆಳುವಾದ ಒಡ್ಡು ಕಡಿಮೆ ನೀರಿಗೇ ಏಳುತ್ತದೆ. ಹಾಗಾಗಿ ತುಂಬಲು ಬೇಕಾದ ವರ್ಷಗಳೂ ಕಡಿಮೆ, ಹೊರಬರುವ ಪ್ರವಾಹವೂ ಸಣ್ಣದು. ಬರ್ಲಿಂಗೇಮ್ ಗೋಡೆಯಲ್ಲಿ ಹಾಸುಗಳು ಮೇಲೆ ಹೋದಂತೆ ಒಟ್ಟಾರೆ ತೆಳುವಾಗುತ್ತವೆ. ನೈನ್‌ಮೈಲಿನಲ್ಲಿ ವರ್ಷಗಳ ಎಣಿಕೆ ಇಳಿಯುತ್ತದೆ. ಸರೋವರದ ತಳ ಮತ್ತು ಹಿನ್ನೀರಿನ ಕಣಿವೆ ನೂರಾರು ಕಿಲೋಮೀಟರ್ ದೂರದಲ್ಲಿ, ಬೇರೆ ಬೇರೆ ಅಳತೆಗಳಲ್ಲಿ, ಒಂದೇ ಸಂಗತಿಯನ್ನು ಹೇಳುತ್ತಿವೆ.

ಹಿನ್ನೀರಿನ ಗೋಡು ಓದುವ ಇದೇ ವಿಧಾನ ನಮ್ಮ ದೇಶಕ್ಕೂ ಬಂದಿದೆ. ಮಿಸೌಲಾ ಪ್ರವಾಹಗಳ ಜಲಲೆಕ್ಕ ಹಾಕಿದ ವಿಕ್ಟರ್ ಬೇಕರ್, ಪುಣೆಯ ವಿಶ್ವಾಸ್ ಕಾಳೆ ಮೊದಲಾದವರು ನರ್ಮದಾ ಕಣಿವೆಯಲ್ಲಿ ಪ್ರವಾಹಗಳು ಬಿಟ್ಟ ಗೋಡಿನ ಹಾಸುಗಳನ್ನು ಎಣಿಸಿ, ಸಾವಿರಾರು ವರ್ಷಗಳ ಮಳೆಗಾಲದ ಮಹಾಪೂರಗಳ ಇತಿಹಾಸ ಬರೆದಿದ್ದಾರೆ. ನದಿಮಾಪನದ ದಾಖಲೆ ನೂರು ವರ್ಷ ಹಿಂದಕ್ಕೂ ಸರಿಯಾಗಿ ಹೋಗದ ದೇಶದಲ್ಲಿ ಅಣೆಕಟ್ಟು ಕಟ್ಟುವವರಿಗೆ ಈ ಇತಿಹಾಸ ಬೇಕೇ ಬೇಕು. ಕೃಷ್ಣೆ, ತುಂಗಭದ್ರೆಯ ಇಕ್ಕಟ್ಟು ಕಣಿವೆಗಳ ಪಕ್ಕದ ಗೋಡನ್ನೂ ಇದೇ ಶ್ರದ್ಧೆಯಿಂದ ಓದಬೇಕೆಂದು ನನ್ನ ಬಲವಾದ ಆಸೆ.

ಕೊನೆಗೆ ಉಳಿಯುವುದು ನಲವತ್ತು ಮತ್ತು ಎಂಬತ್ತೊಂಬತ್ತರ ನಡುವಿನ ವ್ಯತ್ಯಾಸ. ಇದರಲ್ಲಿ ವಿರೋಧ ಕಾಣಬೇಕಾಗಿಲ್ಲ. ಸ್ಯಾನ್‌ಪಾಯ್ಲ್ ಪ್ರವಾಹದ ಹಾದಿಗೆ ಹತ್ತಿರ, ಅಲ್ಲಿನ ಸರೋವರ ಸಣ್ಣ ಪ್ರವಾಹವನ್ನೂ ಹಿಡಿದಿಟ್ಟಿತು. ವಾಲಾ ವಾಲಾ ಕಣಿವೆಯ ಆ ಎತ್ತರಕ್ಕೆ ಹಿನ್ನೀರು ಏರಲು ದೊಡ್ಡ ಪ್ರವಾಹವೇ ಬೇಕಿತ್ತು. ಕೊರಕಲಿನ ಬುಡದ ಕೆಳಗೆ ಇನ್ನೂ ಹಾಸುಗಳು ಇರಬಹುದು, 1926ರ ನೀರು ಅಲ್ಲಿಯವರೆಗೆ ಅಗೆದಿಲ್ಲ. ಆದ್ದರಿಂದ ಬರ್ಲಿಂಗೇಮಿನ ನಲವತ್ತನ್ನು ಅಲ್ಲಿಗೆ ತಲುಪಿದ, ಅಲ್ಲಿ ಉಳಿದ, ಈಗ ಕಣ್ಣಿಗೆ ಬಿದ್ದಿರುವ ಪ್ರವಾಹಗಳ ಸಂಖ್ಯೆ ಎಂದು ಓದಬೇಕು. ಒಟ್ಟು ಪ್ರವಾಹಗಳು ಅದಕ್ಕಿಂತ ಹೆಚ್ಚು. ಡ್ರೈ ಫಾಲ್ಸಿನಂಥ ಬಸಾಲ್ಟ್ ಕಮರಿಗಳನ್ನು ಕೊರೆಯುವುದರಲ್ಲಿ ಯಾವ ಪ್ರವಾಹದ ಪಾಲು ಎಷ್ಟು ಎಂಬುದನ್ನು ಈ ಹಾಸುಗಳು ಹೇಳಲಾರವು. ನೀರು ಕೊರೆದ ಕಡೆ ಪದರ ಉಳಿಯುವುದಿಲ್ಲ. 1999ರಲ್ಲಿ ಜಾನ್ ಶಾ ಮತ್ತು ಸಂಗಡಿಗರು ಪ್ರವಾಹಗಳ ಸಂಖ್ಯೆಯನ್ನು ಮತ್ತೆ ಪ್ರಶ್ನಿಸಿ, ಹಿಮಹಾಳೆಯ ಅಡಿಯಿಂದಲೂ ನೀರು ಬಂದಿರಬಹುದು ಎಂದಾಗ ಅಟ್‌ವಾಟರ್ ಮೊದಲಾದವರು ಉತ್ತರ ಕೊಟ್ಟದ್ದು ಸ್ಯಾನ್‌ಪಾಯ್ಲಿನ ವಾರ್ವ್‌ಗಳನ್ನು ಮತ್ತೆ ಮುಂದಿಟ್ಟು.